ಗೌರಿ ಹಬ್ಬಕ್ಕೆ ಬಂದ ನಾದಿನಿ, ಮತ್ತು ನಮ್ಮ ಶಿವಮೊಗ್ಗೆ

ಶಿವಮೊಗ್ಗೆಗೆ ಯಾರೇ ನೆಂಟರು ಬರಲಿ, ಕಾಫಿ ಲೋಟ ಕೆಳಗಿಡುವ ಮೊದಲೇ "ಜೋಗಕ್ಕೆ ಎಷ್ಟು ದೂರ?" ಅಂತ ಕೇಳುತ್ತಾರೆ. ಸುಮಾರು 100 ಕಿಲೋಮೀಟರು ಅಂದ ಕೂಡಲೇ ಟ್ಯಾಕ್ಸಿಯ ಮಾತು ಶುರು. ಬೆಳಗಿನ ಜಾವ ಎದ್ದು ಪುಳಿಯೋಗರೆ, ಮೊಸರನ್ನ ಕಟ್ಟಿಕೊಡುವುದು ನನ್ನ ಪಾಲು. ಅವರು ಜೋಗ ನೋಡಿ ಬಂದು, ಮಾರನೆಯ ದಿನ ಊರಿಗೆ ಹೊರಟುಬಿಡುತ್ತಾರೆ. ಗಾಂಧಿ ಬಜಾರಿನ ಸೊಸೆಯಾಗಿ ನನಗೆ ಇಪ್ಪತ್ಮೂರು ವರ್ಷ. ಎಷ್ಟು ಬುತ್ತಿ ಕಟ್ಟಿದ್ದೇನೋ ಲೆಕ್ಕವಿಲ್ಲ. ಆದರೆ ಇಲ್ಲೇ 14 ಕಿಲೋಮೀಟರು ದೂರದ ಸಕ್ರೆಬೈಲಿನ ಆನೆಗಳನ್ನು ನಾನು ನೋಡಿದ್ದು ಕಳೆದ ಗೌರಿ ಹಬ್ಬದಲ್ಲಿ ಎಂದರೆ ನೀವು ನಗುತ್ತೀರಿ.

ಅದಕ್ಕೆ ಕಾರಣ ನನ್ನ ನಾದಿನಿ. ಪುಣೆಯಲ್ಲಿದ್ದಾಳೆ. ನಮ್ಮತ್ತೆಯವರು ತೀರಿಕೊಂಡ ಮೇಲೆ ಮೂರು ವರ್ಷ ಈ ಕಡೆ ತಲೆ ಹಾಕಿರಲಿಲ್ಲ. ಕರೆದಾಗೆಲ್ಲ, "ಅಮ್ಮ ಇಲ್ಲದ ಮೇಲೆ ತವರು ಎಲ್ಲಿ ಅತ್ತಿಗೆ?" ಅನ್ನುವಳು. ಆ ಮಾತು ನನಗೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಅದರ ಮಧ್ಯೆ ನಾವು ಹಳೇ ಹೆಂಚಿನ ಮನೆ ಕೆಡವಿ, ಕೆಳಗೆ ಮಳಿಗೆ, ಮೇಲೆ ವಾಸ ಅಂತ ಹೊಸದು ಕಟ್ಟಿಸಿದ್ದೆವು. ಪ್ರತಿ ಮಳೆಗಾಲ ಪಾತ್ರೆ ಇಟ್ಟು ಸೋರುವ ನೀರು ಹಿಡಿದವಳಿಗೆ ಹೊಸ ಮನೆ ಬೇಕಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಅವಳು ಬಂದು ನೋಡಿದರೆ ಏನಂದುಕೊಳ್ಳುತ್ತಾಳೋ ಎಂಬ ಅಳುಕೂ ಇತ್ತು.

ಅಂತೂ ಹಬ್ಬಕ್ಕೆ ಎರಡು ದಿನ ಇರುವಾಗ ಮಗಳನ್ನು ಕರೆದುಕೊಂಡು ಬಂದಳು. ಮೆಟ್ಟಿಲು ಹತ್ತಿ ಒಳಗೆ ಬಂದವಳು ಸುತ್ತ ನೋಡಿ, "ಚೆನ್ನಾಗಿದೆ" ಅಂದಳು. ಅಷ್ಟೇ. ಚೆನ್ನಾಗಿಲ್ಲ ಅಂದಿದ್ದರೇ ವಾಸಿಯಿತ್ತು.

ಸಂಜೆ ಬಾಗಿನದ ಸಾಮಾನಿಗೆ ಬಜಾರಿಗೆ ಕರೆದೊಯ್ದೆ. ಗೌರಿ ಹಬ್ಬದ ಮುಂಚಿನ ಗಾಂಧಿ ಬಜಾರನ್ನು ಹೊರಗಿನವರು ಒಮ್ಮೆ ನೋಡಬೇಕು. ಮೊರ, ಬಳೆ, ಬಿಚ್ಚೋಲೆ, ಕರಿಮಣಿ, ರವಿಕೆ ಕಣ, ಸೇವಂತಿಗೆ ಮಾರು, ಬಾಳೆಕಂದು... ಕಾಲಿಡಲು ಜಾಗವಿಲ್ಲ, ಛತ್ರಿ ಬಿಚ್ಚಿದರೆ ಪಕ್ಕದವರ ಬೈಗುಳ. ನಾದಿನಿ ಬಳೆ ಅಂಗಡಿಯ ಮುಂದೆ ನಿಂತು ಮಗಳಿಗೆ, "ಇಲ್ಲೇ ನೋಡು, ಮಾರಮ್ಮನ ತವರುಮನೆ ಇದೇ ಬೀದಿ" ಅಂತ ಹೇಳತೊಡಗಿದಳು. ನಿಮಗೂ ಹೇಳುತ್ತೇನೆ. ಕೋಟೆ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ, ಮಂಗಳವಾರ ಶುರುವಾಗಿ ಐದು ದಿನ ನಡೆಯುತ್ತದೆ. ಮೊದಲ ದಿನ ಅಮ್ಮನನ್ನು ಗಾಂಧಿ ಬಜಾರಿನಲ್ಲಿ ಕೂರಿಸುತ್ತಾರೆ. ಅದು ಅವಳ ತವರು. ಹೆಂಗಸರೆಲ್ಲ ಉಡಿ ತುಂಬುತ್ತಾರೆ. ರಾತ್ರಿ ಮೆರವಣಿಗೆಯಲ್ಲಿ ಕೋಟೆಯ ಗದ್ದುಗೆಗೆ ಹೊರಡುತ್ತಾಳೆ. 2024ರ ಮಾರ್ಚಿನ ಜಾತ್ರೆಯಲ್ಲಿ ನಾನು ಮೂರು ಗಂಟೆ ಸಾಲಿನಲ್ಲಿ ನಿಂತಿದ್ದೆ. ಜಾತ್ರೆಗೆ ಬರುವವರು ಮನೆಯವರ ಹತ್ತಿರ ಮೊದಲೇ ಹೇಳಿ ಬನ್ನಿ. ಆಗ ಯಾರ ಮನೆಯಲ್ಲೂ ಮಲಗಲು ಚಾಪೆ ಉಳಿದಿರುವುದಿಲ್ಲ.

ಮಾರನೆಯ ದಿನ ಕೋಟೆ ಕಡೆ ನಡೆದೇ ಹೋದೆವು. ಶಿವಪ್ಪನಾಯಕನ ಅರಮನೆ ಈಗ ವಸ್ತುಸಂಗ್ರಹಾಲಯ. ಮರದ ಕಂಬಗಳ ಎರಡಂತಸ್ತಿನ ಕಟ್ಟಡ. ಅಂಗಳದಲ್ಲಿ ವೀರಗಲ್ಲು, ವಿಗ್ರಹಗಳನ್ನು ಸಾಲಾಗಿ ನಿಲ್ಲಿಸಿದ್ದಾರೆ. 1645ರಿಂದ 1660ರವರೆಗೆ ಆಳಿದ ಈ ಕೆಳದಿ ಅರಸ ಗದ್ದೆ ತೋಟಗಳನ್ನು ಅಳೆಸಿ ಕಂದಾಯ ಗೊತ್ತುಮಾಡಿದವನು. ಅದಕ್ಕೇ ಶಿಸ್ತಿನ ಶಿವಪ್ಪನಾಯಕ ಎಂಬ ಹೆಸರು. ಅಲ್ಲಿಂದ ಕೋಟೆ ಆಂಜನೇಯನಿಗೆ ಕೈಮುಗಿದು, ಕೋರ್ಪಲಯ್ಯನ ಛತ್ರದ ಹತ್ತಿರ ತುಂಗೆಯನ್ನು ನೋಡಲು ಹೋದೆವು. ಹೊಳೆಯೊಳಗಿನ ಕಲ್ಲುಮಂಟಪ ನಮ್ಮೂರಿನವರಿಗೆ ಅಳತೆಗೋಲು. ಮಂಟಪ ಮುಳುಗಿತು ಅಂದರೆ ಹೊಳೆ ತುಂಬಿದಂತೆ. ಆವತ್ತು ಮಾಡು ಮಾತ್ರ ಕಾಣುತ್ತಿತ್ತು. ಕೆಂಪು ನೀರು, ಸದ್ದು, ಜೊತೆಗೆ ನಮ್ಮ ಹಾಗೇ ನೋಡಲು ಬಂದ ಅರ್ಧ ಊರು. ಮಳೆಗಾಲದಲ್ಲಿ ಮಕ್ಕಳನ್ನು ಮೆಟ್ಟಿಲಿಗೆ ಇಳಿಸಬೇಡಿ, ದೂರದಿಂದ ನೋಡಿದರೆ ಸಾಕು.

ಹಬ್ಬ ಮುಗಿಯಿತು. ಇನ್ನು ಸಕ್ರೆಬೈಲಿನ ಕಥೆ. ಹೊರಡುವ ದಿನ ನಾನು ಕೊಟ್ಟೆ ಕಡುಬು, ಕಾಯಿಚಟ್ನಿ ಮಾಡಿದೆ. ತಿನ್ನಿ, ಇನ್ನೊಂದು ತಿನ್ನಿ ಅಂತ ಬಲವಂತ ಮಾಡುತ್ತಾ ಹೊರಟಾಗ ಹನ್ನೊಂದು. ತೀರ್ಥಹಳ್ಳಿ ರಸ್ತೆಯಲ್ಲಿ ಬಿಡಾರ ಮುಟ್ಟುವಷ್ಟರಲ್ಲಿ ಆನೆಗಳು ಸ್ನಾನ ಮುಗಿಸಿ ಕಾಡಿಗೆ ಹೋಗಿಯಾಗಿತ್ತು! ಸೊಸೆಯಂದಿರು ಇದೊಂದು ಬುದ್ಧಿ ಕಲಿಯಬೇಕು. ಆನೆ ನೋಡುವ ದಿನ ಅವಲಕ್ಕಿ ಸಾಕು. ನಮ್ಮವರು ನನ್ನ ಮುಖ ನೋಡಿ ನಗು ತಡೆದುಕೊಂಡರು. ಅದೇ ರಸ್ತೆಯಲ್ಲಿ ಮುಂದೆ ಮಂಡಗದ್ದೆಗೆ ಹೋದೆವು, ಶಿವಮೊಗ್ಗೆಯಿಂದ ಸುಮಾರು 30 ಕಿಲೋಮೀಟರು. ತುಂಗೆಯ ನಡುವಿನ ನಡುಗಡ್ಡೆಯ ಮರಗಳಲ್ಲಿ ಮಳೆಗಾಲಕ್ಕೆ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುತ್ತವೆ. ಮರವೆಲ್ಲ ಹತ್ತಿ ಬಿಟ್ಟ ಹಾಗೆ ಬಿಳಿ. ರಸ್ತೆ ಬದಿಯಿಂದಲೇ ಕಾಣುವುದರಿಂದ ಮಂಡಿನೋವಿನವರಿಗೂ ತೊಂದರೆಯಿಲ್ಲ. ಬೇಸಿಗೆಯಲ್ಲಿ ಹೋದರೆ ಬರೀ ಮರ ನೋಡಿ ಬರಬೇಕು.

ಮರುದಿನ ಎಂಟೂವರೆಗೇ ಸಕ್ರೆಬೈಲಿನಲ್ಲಿದ್ದೆವು. ಗಾಜನೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಆನೆಗಳು ಒಂದೊಂದಾಗಿ ಇಳಿದು ಅಡ್ಡ ಮಲಗಿದವು. ಮಾವುತರು ಮೇಲೆ ಹತ್ತಿ ತಿಕ್ಕುತ್ತಿದ್ದರೆ ಕಣ್ಣು ಮುಚ್ಚಿ ಬಿದ್ದಿದ್ದವು, ಎಣ್ಣೆ ಹಚ್ಚಿಸಿಕೊಂಡ ಬಾಣಂತಿಯ ಹಾಗೆ. ಒಂದು ಮರಿ ತಾಯಿಯ ಹೊಟ್ಟೆಯಡಿಯಿಂದ ಆಚೆ ಬರಲು ಒಪ್ಪಲೇ ಇಲ್ಲ. ನಾದಿನಿ ಆ ಮರಿಯನ್ನೇ ನೋಡುತ್ತಾ ನಿಂತಿದ್ದಳು. ಮಾತಾಡಲಿಲ್ಲ, ನಾನೂ ಮಾತಾಡಿಸಲಿಲ್ಲ.

ಮಧ್ಯಾಹ್ನದ ಮೇಲೆ ಇನ್ನೊಂದು ದಿಕ್ಕಿಗೆ, ಹೊಳೆಹೊನ್ನೂರು ಕಡೆಯ ಕೂಡಲಿಗೆ. ತುಂಗೆ, ಭದ್ರೆ ಸೇರುವುದು ಅಲ್ಲೇ. ಸಂಗಮದಲ್ಲಿ ಪುಟ್ಟ ನಂದಿಯ ಗುಡಿ, ದಡದಲ್ಲಿ ಸಂಗಮೇಶ್ವರ, ರಾಮೇಶ್ವರ ದೇವಸ್ಥಾನಗಳು, ಮಠಗಳು. ಗಲಾಟೆಯಿಲ್ಲ, ಅಂಗಡಿಯೂ ಹೆಚ್ಚಿಲ್ಲ. ಕುಡಿಯುವ ನೀರು, ಏನಾದರೂ ತಿಂಡಿ ಕಟ್ಟಿಕೊಂಡೇ ಹೋಗಿ. ಹಾಗೇ ಭದ್ರಾವತಿಗೆ ಬಂದು ಲಕ್ಷ್ಮೀನರಸಿಂಹನ ದರ್ಶನ ಮಾಡಿದೆವು. ಮೂರು ಗರ್ಭಗುಡಿಗಳ ಹೊಯ್ಸಳರ ದೇವಾಲಯ. ಬೇಲೂರಿನಷ್ಟು ಜನವಿಲ್ಲದ್ದರಿಂದ ಗೋಡೆಯ ಕೆತ್ತನೆಯನ್ನು ಪುರುಸೊತ್ತಾಗಿ ನೋಡಬಹುದು. ಭದ್ರಾವತಿಯ ಹಳೇ ಹೆಸರು ಬೆಂಕಿಪುರ. 1923ರಲ್ಲಿ ಕೆಲಸ ಶುರುಮಾಡಿದ ಕಬ್ಬಿಣದ ಕಾರ್ಖಾನೆಯಿಂದ ಆ ಹೆಸರು ಬಂತು ಅಂತ ನಾನು ಬಹಳ ದಿನ ತಿಳಿದಿದ್ದೆ. ಅಲ್ಲವಂತೆ, ಹೆಸರು ಅದಕ್ಕಿಂತ ಬಹಳ ಹಳೆಯದು!

ಕೊನೆಗೆ ಜೋಗ. ಜಲಪಾತದ ಎತ್ತರ 830 ಅಡಿ, ನಿಜ, ಮಳೆಗಾಲದಲ್ಲಿ ಅದರ ಮುಂದೆ ಬೇರೆ ಮಾತಿಲ್ಲ. ಆದರೆ 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟು ಶರಾವತಿಯ ನೀರನ್ನು ಮೇಲೆಯೇ ತಡೆದಿಡುತ್ತದೆ. ಏಪ್ರಿಲ್ ರಜೆಯಲ್ಲಿ ಮಕ್ಕಳನ್ನು ಕರೆದೊಯ್ದು, ಒಣಗಿದ ಬಂಡೆ ನೋಡಿ ಬೈದುಕೊಂಡು ಬರುವವರನ್ನು ಪ್ರತಿ ವರ್ಷ ನೋಡುತ್ತೇನೆ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಹೋಗಿ. ಮಂಜು ಮುಚ್ಚಿದರೂ ಸ್ವಲ್ಪ ಕಾದರೆ ಪರದೆ ಸರಿದ ಹಾಗೆ ಬಿಡುತ್ತದೆ.

ನಮ್ಮವರು ಸೊಸೆಯನ್ನು ಜೋಗಕ್ಕೆ ಕರೆದೊಯ್ದರು. ನಾದಿನಿ, "ನಾನು ಅತ್ತಿಗೆ ಜೊತೆ ಇರುತ್ತೇನೆ" ಅಂದಳು. ಬುತ್ತಿ ಇಬ್ಬರೂ ಕೂಡಿ ಕಟ್ಟಿದೆವು. ಅವರು ಹೋದ ಮೇಲೆ ಪತ್ರೊಡೆಗೆ ಅಂತ ಕೆಸುವಿನೆಲೆ ತೊಳೆಯುತ್ತಿದ್ದೆ. ಬಟ್ಟೆ ಹರವಲು ತಾರಸಿಗೆ ಹೋದವಳು ಎಷ್ಟು ಹೊತ್ತಾದರೂ ಕೆಳಗೆ ಬರಲಿಲ್ಲ. ಹೋಗಿ ನೋಡಿದರೆ, ನೀರಿನ ಟ್ಯಾಂಕಿನ ಪಕ್ಕ ಅತ್ತೆಯವರ ಒರಳುಕಲ್ಲಿನ ಮುಂದೆ ಕುಳಿತಿದ್ದಾಳೆ. ಮನೆ ಕೆಡವುವಾಗ ಕೆಲಸದವರು ಅದನ್ನು ಬಿಸಾಡೋಣ ಅಂದಿದ್ದರು. ನಾನು ಬಿಡದೆ ನಾಲ್ಕು ಜನರ ಕೈಲಿ ಹೊರಿಸಿ ಮೇಲೆ ಇರಿಸಿದ್ದೆ. ಯಾಕೆ ಅಂತ ಆಗ ನಮ್ಮವರಿಗೆ ಸರಿಯಾಗಿ ಹೇಳಲು ಬಂದಿರಲಿಲ್ಲ.

"ಇದನ್ನು ಇಟ್ಟಿದ್ದೀರಾ ಅತ್ತಿಗೆ?" ಅಂದಳು. ದನಿ ಒದ್ದೆಯಾಗಿತ್ತು. ಆಮೇಲೆ ಕಣ್ಣೊರೆಸಿಕೊಂಡು, "ಮಿಕ್ಸಿ ಬೇಡ, ಅಕ್ಕಿ ಇಲ್ಲಿಗೇ ತನ್ನಿ" ಅಂದಳು. ಕಲ್ಲು ತೊಳೆದು, ಮಳೆ ಬಂದರೆ ಇರಲಿ ಅಂತ ಛತ್ರಿ ಇಟ್ಟುಕೊಂಡು, ಒಬ್ಬರು ತಿರುವುತ್ತಾ ಒಬ್ಬರು ತಳ್ಳುತ್ತಾ ರುಬ್ಬಿದೆವು. ಹುಣಿಸೆಹುಳಿ ಸ್ವಲ್ಪ ಕಡಿಮೆಯಾಗಿ ಪತ್ರೊಡೆ ಗಂಟಲು ಕೆರೆಯಿತು. ಆದರೂ ಒಂದೂ ಉಳಿಯಲಿಲ್ಲ.

ಹೊರಡುವ ದಿನ ಮಡಿಲು ತುಂಬಿದೆ. ಬಸ್ಸು ಹತ್ತಿ ಕುಳಿತ ಮೇಲೆ ಕಿಟಕಿ ಸರಿಸಿ, "ಜಾತ್ರೆಯ ದಿನ ಗೊತ್ತಾದ ಕೂಡಲೇ ಫೋನ್ ಮಾಡಿ ಅತ್ತಿಗೆ, ಮೊದಲೇ ಟಿಕೆಟ್ ತೆಗೆಸಬೇಕು" ಅಂದಳು. ಚಾಪೆ ಒಂದು ಈಗಲೇ ತೆಗೆದಿಟ್ಟಿದ್ದೇನೆ.