ಕೈ ಜೇಬಿನಲ್ಲಿ, ಹಾಡು ಬಾಯಲ್ಲಿ

2015ರ ಮಾರ್ಚ್ 29, ಭಾನುವಾರ. ಲಿವರ್‌ಪೂಲ್‌ನ ಆನ್‌ಫೀಲ್ಡ್ ಕ್ರೀಡಾಂಗಣ. ನೀವು ಗೋಲಿನ ಹಿಂದಿರುವ ಕಾಪ್ ಸ್ಟ್ಯಾಂಡಿನಲ್ಲಿದ್ದೀರಿ. ಸಹಾಯಾರ್ಥ ಫುಟ್ಬಾಲ್ ಪಂದ್ಯ: ಲಿವರ್‌ಪೂಲ್ ಕ್ಲಬ್ಬಿನ ನಾಯಕ ಜೆರಾರ್ಡ್‌ನ ತಂಡಕ್ಕೂ ಮಾಜಿ ಆಟಗಾರ ಕ್ಯಾರಗರ್‌ನ ತಂಡಕ್ಕೂ. ಬಾಲೊಟೆಲ್ಲಿ ಒಂದು, ದ್ರೋಗ್ಬಾ ಒಂದು ಗೋಲು ಹೊಡೆದಾಗಿದೆ. ಜೆರಾರ್ಡ್ ಪೆನಾಲ್ಟಿಯಲ್ಲಿ ಒಂದನ್ನು ತೀರಿಸಿದ್ದಾನೆ. ಸೋತರೂ ಗೆದ್ದರೂ ಯಾರ ಗಂಟೂ ಹೋಗದ ಆಟ. ಜನ ನಗುತ್ತಿದ್ದಾರೆ.

ಎರಡನೇ ಅವಧಿ. ಕ್ಲಬ್ಬಿನ ಹಳೆಯ ಆಟಗಾರರು ಮೈದಾನಕ್ಕಿಳಿದಿದ್ದಾರೆ: ಸ್ವಾರೆಜ್ ಬಂದಿದ್ದಾನೆ, ಫರ್ನಾಂಡೊ ಟೊರೆಸ್ ಬಂದಿದ್ದಾನೆ. ಚಪ್ಪಾಳೆ ಸ್ಟ್ಯಾಂಡಿನ ತುದಿಯಿಂದ ತುದಿಗೆ ಹರಿಯುತ್ತದೆ. ನಿಮ್ಮ ಮುಂದಿನ ಸಾಲಿನಲ್ಲಿ ಮಾತ್ರ ಒಬ್ಬಾತ ಜೇಬಿನಿಂದ ಕೈ ತೆಗೆದಿಲ್ಲ. ಪಕ್ಕದಲ್ಲಿ ಹತ್ತರ ಆಸುಪಾಸಿನ ಮಗ.

"ಅಪ್ಪಾ, ನೀನ್ಯಾಕೆ ಚಪ್ಪಾಳೆ ಹೊಡೀತಿಲ್ಲ?"

"ತಡಿ, ಮೊದಲು ಆ ಟೊರೆಸ್ ಒಂದು ಗೋಲು ಹೊಡೀಲಿ."

ಆ ಉತ್ತರದ ಬೇರು ಎಲ್ಲಿದೆಯೆಂದು ಸುತ್ತಲಿನವರಿಗೆ ಗೊತ್ತು. 2011ರ ಜನವರಿ 31ರಂದು ಟೊರೆಸ್ ಲಿವರ್‌ಪೂಲ್ ಬಿಟ್ಟು 5 ಕೋಟಿ ಪೌಂಡಿಗೆ ಚೆಲ್ಸಿ ಸೇರಿದ. ಅವನ ಒಂಬತ್ತನೇ ನಂಬರಿನ ಅಂಗಿಗೆ ಅಭಿಮಾನಿಗಳು ಬೆಂಕಿಯಿಟ್ಟರು. ಆರೇ ದಿನಕ್ಕೆ ಚೆಲ್ಸಿ ಪರ ಅವನ ಮೊದಲ ಪಂದ್ಯ ಲಿವರ್‌ಪೂಲ್ ವಿರುದ್ಧವೇ ಬಿತ್ತು. ಲಿವರ್‌ಪೂಲ್‌ನ ಘೋಷವಾಕ್ಯ 'ನೀನೆಂದೂ ಒಂಟಿಯಾಗಿ ನಡೆಯಲಾರೆ'; ಅದನ್ನೇ ತಿರುಗಿಸಿ, ದ್ರೋಹ ಬಗೆದವನು ಎಂದೆಂದಿಗೂ ಒಂಟಿಯಾಗಿಯೇ ನಡೆಯುತ್ತಾನೆ ಎಂಬರ್ಥದ ಬ್ಯಾನರ್ ಹಾರಿತು. ಮೇಯ್ರೆಲಿಸ್ ಹೊಡೆದ ಒಂದೇ ಗೋಲಿನಿಂದ ಲಿವರ್‌ಪೂಲ್ ಗೆದ್ದಾಗ, ಆ ಗೆಲುವಿಗೆ ಪಾಯಿಂಟಿಗಿಂತ ಹೆಚ್ಚಿನ ರುಚಿಯಿತ್ತು.

ಅಷ್ಟು ಸಿಟ್ಟು ಬರಬೇಕಾದರೆ ಅಷ್ಟೇ ಪ್ರೀತಿ ಇದ್ದಿರಬೇಕು. ಇತ್ತು. ಲಿವರ್‌ಪೂಲ್ ಪರ 142 ಪಂದ್ಯ, 81 ಗೋಲು. 2009ರ ಮಾರ್ಚ್‌ನಲ್ಲಿ ಓಲ್ಡ್ ಟ್ರ್ಯಾಫರ್ಡ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ನ ವಿಡಿಚ್‌ನಿಂದ ಚೆಂಡು ಕಸಿದು ಹೊಡೆದದ್ದನ್ನು, ಯುನೈಟೆಡ್ ತನ್ನ ಮನೆಯಲ್ಲೇ 4–1ರಿಂದ ಮಣ್ಣುಮುಕ್ಕಿದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಆದರೆ ಅದೇ ವರ್ಷ ಜೊತೆ ಆಟಗಾರ ಅಲೊನ್ಸೊ ತಂಡ ಬಿಟ್ಟು ಹೋದ, ಮರುವರ್ಷ ಮಸ್ಕೆರಾನೊ. ಕ್ಲಬ್ಬಿನ ಮೇಲೆ ಸಾಲ ಹೇರಿದ್ದ ಅಮೆರಿಕದ ಮಾಲೀಕರು ಕೊನೆಗೆ ಕೋರ್ಟು ಕಚೇರಿಯ ಜಗಳದಲ್ಲಿ ಜಾಗ ಖಾಲಿ ಮಾಡಿದರು. ಅಂಗಿ ಸುಡೋಣವೆಂದರೆ ಮಾಲೀಕರಿಗೆ ಅಂಗಿಯೇ ಇರಲಿಲ್ಲ. ಟೊರೆಸ್‌ಗಿತ್ತು.

ಈಗ ಹಾಡು ಶುರುವಾಗಿದೆ. ಟೊರೆಸ್‌ನ ಹಳೆಯ ಹಾಡು, ಹಿಂದೆ ಅಟ್ಲೆಟಿಕೊ ಮ್ಯಾಡ್ರಿಡ್ ನಾಯಕನಾಗಿದ್ದಾಗ ಅವನ ತೋಳುಪಟ್ಟಿಯ ಒಳಮೈಯಲ್ಲಿ ಲಿವರ್‌ಪೂಲ್‌ನ ಘೋಷವಾಕ್ಯವಿತ್ತು ಎಂಬ ಕಥೆ ಹೇಳುವಂಥದ್ದು. ಕಾಪ್ ಕುಣಿಯುತ್ತಿದೆ, ಕಾಲಡಿಯ ಕಾಂಕ್ರೀಟು ಅದುರುತ್ತಿದೆ. ಮುಂದಿನ ಸಾಲಿನವನ ಕೈ ಇನ್ನೂ ಜೇಬಿನಲ್ಲೇ. ತುಟಿ ಮಾತ್ರ ಅಲುಗುತ್ತಿದೆ. ಒಂದಕ್ಷರ ತಪ್ಪದೆ ಹಾಡುತ್ತಿದ್ದಾನೆ. ಮಗ ಅಪ್ಪನ ಮುಖ ನೋಡುತ್ತಾನೆ, ಮೈದಾನ ನೋಡುತ್ತಾನೆ, ಮತ್ತೆ ಅಪ್ಪನ ಮುಖ.

ಜೆರಾರ್ಡ್ ಇನ್ನೊಂದು ಪೆನಾಲ್ಟಿ ಹೊಡೆಯುತ್ತಾನೆ, 2–2. ಟೊರೆಸ್ ಗೋಲು ಹೊಡೆಯುವುದಿಲ್ಲ. ಆಟ ಮುಗಿಯುತ್ತದೆ.

ಮೆಟ್ಟಿಲಿಳಿಯುವ ನೂಕುನುಗ್ಗಲಿನಲ್ಲಿ ಅಪ್ಪ-ಮಗ ನಿಮ್ಮ ಮುಂದೆಯೇ ಇದ್ದಾರೆ.

"ಹಾಗಾದ್ರೆ ಅವನನ್ನ ಕ್ಷಮಿಸಿದೆ ತಾನೆ?"

"ಕ್ಷಮಿಸೋದು ಬೇರೆ. ಆ ಗೋಲುಗಳು ನನ್ನವು ಕಣೋ, ಅವನ್ನ ಯಾಕೆ ಬಿಟ್ಟುಕೊಡ್ಲಿ?"