ವೆನಿಲಾ ತೋಟದ ಋಣ

ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ, ಹೂವಿನ ಕಾಲದಲ್ಲಿ ವೆನಿಲಾ ತೋಟಗಳನ್ನು ನೋಡಬಯಸುವ ಪ್ರವಾಸಿಗರು ಮುಂಜಾನೆಯೇ ಹೊರಡಬೇಕು. ಅರಳಿದ ಹೂವು ಅಂದೇ ಬಾಡುತ್ತದೆ. ಮೆಕ್ಸಿಕೋದಿಂದ ಬಂದ ಈ ಬಳ್ಳಿಗೆ ಪರಾಗ ಮುಟ್ಟಿಸುವ ಕೀಟ ಇಲ್ಲಿಲ್ಲ. ಆದುದರಿಂದ ಕೆಲಸಗಾರ್ತಿಯು ಸಣ್ಣ ಕಡ್ಡಿಯಿಂದ ಹೂವಿನೊಳಗಿನ ತೆಳುಪೊರೆಯನ್ನೆತ್ತಿ, ಹೆಬ್ಬೆರಳಿನಿಂದ ಪರಾಗವನ್ನು ಮೆಲ್ಲನೆ ಒತ್ತುತ್ತಾಳೆ. ಕೆಲಸ ಕ್ಷಣಮಾತ್ರದ್ದು, ಕಾಯಿ ಬಲಿಯಲು ಸುಮಾರು 9 ತಿಂಗಳು.

ಈ ಉಪಾಯವನ್ನು 1841ರಲ್ಲಿ ಕಂಡುಹಿಡಿದವನು ಎಡ್ಮಂಡ್ ಎಂಬ 12 ವರ್ಷದ ಗುಲಾಮ ಬಾಲಕ. 1848ರಲ್ಲಿ ಗುಲಾಮಗಿರಿ ರದ್ದಾದಾಗ ಅವನಿಗೆ ಆಲ್ಬಿಯಸ್ ಎಂಬ ಮನೆತನದ ಹೆಸರು ದೊರೆಯಿತು; ಸಂಪತ್ತು ದೊರೆಯಲಿಲ್ಲ. ದ್ವೀಪಕ್ಕೆ ಐಶ್ವರ್ಯ ತಂದವನು 1880ರಲ್ಲಿ ಬಡವನಾಗಿಯೇ ತೀರಿಕೊಂಡನು. ತೋಟದಲ್ಲಿ ಕೊಂಡ ವೆನಿಲಾ ಕೋಡನ್ನು ಮೂಸಿ ಹಿಗ್ಗುವ ಪ್ರವಾಸಿಗನು ಆ ಬಾಲಕನನ್ನೂ ಒಮ್ಮೆ ನೆನೆಯುವುದು ನ್ಯಾಯ.