ಅಳಿಸಿಹೋದ ಹಾಡುಗಳು

ಗಂಗಾವತಿ ತಾಲ್ಲೂಕಿನ ಹೇಮಗುಡ್ಡಕ್ಕೆ ಕಾಲಿಟ್ಟವರ ಕಣ್ಣನ್ನು ಮೊದಲು ಸೆಳೆಯುವುವು ಅಲ್ಲಿಯ ಬಂಡೆಗಳು. ಒಂದರ ಮೇಲೊಂದು ಒರಗಿ, ಈಗಲೋ ಆಗಲೋ ಉರುಳುವಂತೆ ತೋರುತ್ತ, ಯುಗಯುಗಗಳಿಂದ ಉರುಳದೆ ನಿಂತಿರುವ ಆ ಬಂಡೆಗಳ ನಡುವೆ ಹಳೆಯ ಕೋಟೆಯ ಗೋಡೆಗಳಿವೆ, ದುರ್ಗಾಪರಮೇಶ್ವರಿಯ ಗುಡಿಯಿದೆ. ಅದೇ ತಾಲ್ಲೂಕಿನ ಕುಮ್ಮಟದುರ್ಗದಲ್ಲಿ ಕಂಪಿಲರಾಯನ ಮಗ ಗಂಡುಗಲಿ ಕುಮಾರರಾಮನು ದೆಹಲಿಯ ಸೈನ್ಯವನ್ನು ಎದುರಿಸಿ ಕಾದಾಡಿದನೆಂಬುದು ನಾಡಿಗೆಲ್ಲ ತಿಳಿದ ಕಥೆ. 1327ರ ಸುಮಾರಿನಲ್ಲಿ ಮುಹಮ್ಮದ್ ಬಿನ್ ತುಘಲಕನ ದಂಡು ಆ ಪುಟ್ಟ ರಾಜ್ಯವನ್ನು ಅಳಿಸಿಹಾಕಿತು. ಅರಸೊತ್ತಿಗೆ ಅಳಿದರೂ ಕುಮಾರರಾಮನು ಜನರ ನಾಲಗೆಯ ಮೇಲೆ ಉಳಿದನು. ನಂಜುಂಡ ಕವಿಯು ಅವನನ್ನು ಕುರಿತು ಸಾಂಗತ್ಯವನ್ನು ರಚಿಸಿದ್ದು ಒಂದು ಬಗೆ. ಕಳೆ ಕೀಳುತ್ತ, ಜೋಳ ಬೀಸುತ್ತ ಹೆಂಗಸರು ಅವನನ್ನು ಹಾಡಿಕೊಂಡದ್ದು ಇನ್ನೊಂದು ಬಗೆ. ಅಕ್ಷರವನ್ನೇ ಅರಿಯದ ದರೋಜಿ ಈರಮ್ಮ ಇಂತಹ ದೀರ್ಘ ಕಾವ್ಯಗಳನ್ನು ನೆನಪಿನ ಬಲದಿಂದಲೇ ಹಾಡುತ್ತಿದ್ದರು. 2014ರಲ್ಲಿ ಅವರು ತೀರಿಕೊಂಡರು. ಅವರು ಹಾಡಿದ ಕುಮಾರರಾಮನ ಕಾವ್ಯ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಗ್ರಂಥವಾಗಿ ಹೊರಬಂದಿದ್ದುದರಿಂದ ಅವರೊಡನೆ ಅದು ಮಣ್ಣಾಗಲಿಲ್ಲ. ಎಲ್ಲ ಹಾಡುಗಾರ್ತಿಯರಿಗೂ ಆ ಭಾಗ್ಯ ಒದಗುವುದಿಲ್ಲ.

ಈ ಸಂಗತಿಯನ್ನು ಚೆನ್ನಾಗಿ ಬಲ್ಲ ನಿವೃತ್ತ ಕನ್ನಡ ಅಧ್ಯಾಪಕರೊಬ್ಬರು ಹೇಮಗುಡ್ಡದ ಆಸುಪಾಸಿನಲ್ಲಿದ್ದಾರೆ. ಊರವರಿಗೆ ಅವರು ಬರಿಯ ಮಾಸ್ತರು. ಇಲ್ಲಿಯೂ ಅಷ್ಟೇ ಸಾಕು. ಕೆಲಸದಲ್ಲಿದ್ದಾಗ ಭಾನುವಾರಗಳಂದು, ನಿವೃತ್ತರಾದ ಮೇಲೆ ಎಲ್ಲ ವಾರಗಳಂದು, ಅವರು ಊರೂರು ಅಲೆದು ಹಾಡುಗಳನ್ನು ಸಂಗ್ರಹಿಸಿದರು. ಮೊದಮೊದಲು ನೋಟುಪುಸ್ತಕಗಳಲ್ಲಿ ಬರೆದುಕೊಂಡರು. ಬಳಿಕ ಕಂಪ್ಯೂಟರೊಂದನ್ನು ಕೊಂಡು, ಇಳಿವಯಸ್ಸಿನಲ್ಲಿ ನುಡಿ ತಂತ್ರಾಂಶವನ್ನು ಕಲಿತು, ಎರಡು ಬೆರಳುಗಳಿಂದಲೇ ಅವನ್ನೆಲ್ಲ ಅಚ್ಚು ಮಾಡತೊಡಗಿದರು. ಹಾಡುಗಳ ಧ್ವನಿಯನ್ನು ಮೊಬೈಲಿನಲ್ಲಿ ಹಿಡಿದು ಅದೇ ಕಂಪ್ಯೂಟರಿಗೆ ತುಂಬಿದರು. ನೋಟುಪುಸ್ತಕಗಳನ್ನು ಗೆದ್ದಲು ತಿಂದಾಗ ಅವರು ಹೆಚ್ಚು ದುಃಖಿಸಲಿಲ್ಲ. ಎಲ್ಲವೂ ಯಂತ್ರದೊಳಗೆ ಸುರಕ್ಷಿತವಾಗಿದೆ ಎಂಬುದು ಅವರ ನಂಬಿಕೆ. ಗೆದ್ದಲು ಯಂತ್ರವನ್ನು ತಿನ್ನುವುದಿಲ್ಲವಷ್ಟೆ!

ಹಾಡುಗಳ ಒಂದು ಭಾಗವನ್ನು ಮುದ್ರಿಸಿ ನೋಡಬೇಕೆಂದು ಅವರು ಅದನ್ನು ಪೆನ್‌ಡ್ರೈವಿನಲ್ಲಿ ತುಂಬಿಕೊಂಡು ಪೇಟೆಯ ಅಂಗಡಿಯೊಂದಕ್ಕೆ ಹೋದರು. ಹತ್ತಾರು ಜನರ ಪೆನ್‌ಡ್ರೈವುಗಳು ಬಂದುಹೋಗುವ ಸ್ಥಳ ಅದು. ಮರಳಿ ಬಂದು ಮನೆಯ ಕಂಪ್ಯೂಟರಿಗೆ ಸಿಕ್ಕಿಸಿದಾಗ ಫೋಲ್ಡರುಗಳೇನೋ ಇದ್ದವು. ಆದರೆ ಪ್ರತಿಯೊಂದರ ಮೂಲೆಯಲ್ಲಿಯೂ ಒಂದು ಸಣ್ಣ ಬಾಣದ ಗುರುತು ಮೂಡಿತ್ತು. ಅದನ್ನು ಲೆಕ್ಕಿಸದೆ ಮಾಸ್ತರು ಒಂದನ್ನು ಒತ್ತಿದರು. ಮರುದಿನ ಕಂಪ್ಯೂಟರು ಎತ್ತಿನ ಗಾಡಿಯಂತೆ ನಡೆಯತೊಡಗಿತು. ಅದಕ್ಕೆ ಸಿಕ್ಕಿಸಿದ ಬೇರೊಂದು ಪೆನ್‌ಡ್ರೈವಿನಲ್ಲಿಯೂ ಬಾಣಗಳು ಹುಟ್ಟಿಕೊಂಡವು.

ಕಂಪ್ಯೂಟರಿನ ವೈರಸ್ ಎಂಬುದು ಜೀವಿಯಲ್ಲ, ಮನುಷ್ಯನೇ ಬರೆದ ಆಜ್ಞೆಗಳ ಸರಣಿ. ರೋಗಾಣು ಜೀವಕೋಶವನ್ನು ಹೊಕ್ಕು ತನ್ನಂತಹವನ್ನೇ ಹೆಚ್ಚಿಸುವಂತೆ ಇದೂ ಇತರ ಕಡತಗಳಲ್ಲಿ ಸೇರಿಕೊಂಡು ತನ್ನ ಪ್ರತಿಗಳನ್ನು ಮಾಡಿಕೊಳ್ಳುತ್ತದೆ. ಆ ಹೋಲಿಕೆಯಿಂದಲೇ 1980ರ ದಶಕದಲ್ಲಿ ಅಮೆರಿಕದ ಫ್ರೆಡ್ ಕೋಹೆನ್ ಎಂಬ ಸಂಶೋಧಕನು ತನ್ನ ಅಧ್ಯಯನದಲ್ಲಿ ಈ ಹೆಸರನ್ನು ಬಳಸಿದನು. 1986ರಲ್ಲಿ ಲಾಹೋರಿನ ಇಬ್ಬರು ಸೋದರರು ಬರೆದ ‘ಬ್ರೇನ್’ ಎಂಬುದು ವೈಯಕ್ತಿಕ ಕಂಪ್ಯೂಟರುಗಳಲ್ಲಿ ಹರಡಿದ ಮೊದಲ ವೈರಸ್ಸುಗಳಲ್ಲೊಂದು. ಅದು ಫ್ಲಾಪಿ ತಟ್ಟೆಗಳ ಮೂಲಕ ದೇಶದೇಶಗಳನ್ನು ಸುತ್ತಿತು. ಅದರೊಳಗೆ ಆ ಸೋದರರ ಹೆಸರು, ವಿಳಾಸ, ದೂರವಾಣಿ ಸಂಖ್ಯೆಗಳೂ ಇದ್ದವು! ಈಗಿನವರು ಅಷ್ಟು ಪ್ರಾಮಾಣಿಕರಲ್ಲ. 2017ರ ಮೇ 12ರಂದು ಹರಡಿದ ‘ವಾನ್ನಾಕ್ರೈ’ ಕಡತಗಳನ್ನು ಗೂಢಲಿಪಿಗೆ ತಿರುಗಿಸಿ, ಬಿಡಿಸಿಕೊಡಲು ಹಣ ಕೇಳಿತು. ಸುಮಾರು 150 ದೇಶಗಳಲ್ಲಿ ಅದರ ಹಾವಳಿ ಕಾಣಿಸಿಕೊಂಡಿತು; ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳು ಮುಂದೂಡಲ್ಪಟ್ಟವು. ಅದು ನುಗ್ಗಿದ ಕಿಂಡಿಯನ್ನು ಮುಚ್ಚುವ ಉಪಾಯವನ್ನು ಮೈಕ್ರೋಸಾಫ್ಟ್ ಸಂಸ್ಥೆ ಎರಡು ತಿಂಗಳು ಮೊದಲೇ ಹೊರಡಿಸಿತ್ತು. ಅದನ್ನು ಅಳವಡಿಸಿಕೊಳ್ಳದವರೇ ಹೆಚ್ಚಾಗಿ ಸಿಕ್ಕಿಬಿದ್ದರು.

ಮಾಸ್ತರ ಮನೆಗೆ ಬಂದದ್ದು ಅಂತಹ ಮಾರಿಯಲ್ಲ, ಒಂದು ಸಣ್ಣ ಪೀಡೆ. ಅದು ಫೋಲ್ಡರುಗಳನ್ನು ಮರೆಮಾಡಿ, ಅವುಗಳ ಜಾಗದಲ್ಲಿ ಅದೇ ಹೆಸರಿನ ಹುಸಿ ಗುರುತುಗಳನ್ನು ಇಡುತ್ತದೆ. ಗುರುತನ್ನು ಒತ್ತಿದವನಿಗೆ ಅವನ ಕಡತವನ್ನೂ ತೋರಿಸುತ್ತದೆ, ತಾನೂ ಒಳಗೆ ಸೇರುತ್ತದೆ. ಕಡತಗಳು ಇದ್ದಲ್ಲಿಯೇ ಇರುತ್ತವೆ. ಆದುದರಿಂದ ನಿಜವಾದ ಕೇಡನ್ನು ಮಾಡಿದ್ದು ವೈರಸ್ಸಲ್ಲ, ಅವಸರ. ನೆರೆಮನೆಯ ಹುಡುಗನೊಬ್ಬನು, ಒಳ್ಳೆಯ ಮನಸ್ಸಿನಿಂದಲೇ, “ಎಲ್ಲಾ ತೊಳದು ಹೊಸದಾಗಿ ಹಾಕಿಬಿಡತೀನ್ರಿ” ಎಂದು ಡಿಸ್ಕನ್ನು ಫಾರ್ಮ್ಯಾಟ್ ಮಾಡಿ, ವಿಂಡೋಸನ್ನು ಮತ್ತೆ ಸ್ಥಾಪಿಸಿಕೊಟ್ಟನು. ಕಂಪ್ಯೂಟರು ಚುರುಕಾಗಿ ಎದ್ದಿತು. ಅದರಲ್ಲಿ ಹಾಡು ಒಂದೂ ಇರಲಿಲ್ಲ. ಆ ರಾತ್ರಿ ಮಾಸ್ತರು ಊಟಕ್ಕೇಳಲಿಲ್ಲವೆಂದು ಮನೆಯವರು ಹೇಳುತ್ತಾರೆ. ಹುಡುಗನಿಗೆ ಅವರು ಒಂದು ಕಟುಮಾತನ್ನೂ ಆಡಲಿಲ್ಲವೆಂಬುದನ್ನೂ ಅವರೇ ಹೇಳುತ್ತಾರೆ.

ಅವರ ಹಳೆಯ ವಿದ್ಯಾರ್ಥಿನಿಯೊಬ್ಬಳು ಕೊಪ್ಪಳದಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಬೆಳಗಾಗುತ್ತಲೇ ಮಾಸ್ತರು ಅವಳಿಗೆ ಫೋನು ಮಾಡಿದರು.

“ತಂಗೀ, ಎಲ್ಲಾ ಹೋತವಾ” ಎಂದರು.

“ಗಾಬರಿ ಆಗಬ್ಯಾಡ್ರಿ ಸರ್. ಮೊದಲ ಆ ಕಂಪ್ಯೂಟರ್ ಬಂದ್ ಮಾಡ್ರಿ. ಮತ್ತ ಚಾಲೂ ಮಾಡಾಕ ಹೋಗಬ್ಯಾಡ್ರಿ. ಪೆನ್‌ಡ್ರೈವ್‌ನೂ ಮುಟ್ಟಬ್ಯಾಡ್ರಿ. ಎರಡೂ ತಗೊಂಡು ಬರ್ರಿ” ಎಂದಳು ಅವಳು.

ಆ ಮಾತಿನಲ್ಲಿ ಈ ವಿದ್ಯೆಯ ತಿರುಳೇ ಅಡಗಿದೆ. ಗ್ರಂಥಾಲಯವೊಂದರಲ್ಲಿ ಪುಸ್ತಕಗಳ ಪಟ್ಟಿಯನ್ನು ಹರಿದುಹಾಕಿದರೆ ಪುಸ್ತಕಗಳು ಕಪಾಟಿನಲ್ಲಿಯೇ ಉಳಿಯುವುವು, ಎಲ್ಲಿವೆಯೆಂದು ತಿಳಿಯದು ಅಷ್ಟೆ. ಡಿಸ್ಕಿನಲ್ಲಿ ಕಡತವನ್ನು ಅಳಿಸಿದಾಗಲೂ, ಅವಸರದ ಫಾರ್ಮ್ಯಾಟ್ ಮಾಡಿದಾಗಲೂ ನಡೆಯುವುದು ಬಹುಮಟ್ಟಿಗೆ ಇದೇ. ಪಟ್ಟಿ ಹೋಗುತ್ತದೆ, ಆ ಜಾಗ ಖಾಲಿಯೆಂದು ಯಂತ್ರ ಭಾವಿಸುತ್ತದೆ. ಹೊಸದೇನಾದರೂ ಬಂದು ಅದೇ ಜಾಗದಲ್ಲಿ ಕುಳಿತಾಗಲೇ ಹಳೆಯದು ನಿಜವಾಗಿ ಅಳಿಯುವುದು. ಕಂಪ್ಯೂಟರನ್ನು ಬಳಸಿದಷ್ಟೂ ಆ ಅಪಾಯ ಹೆಚ್ಚು. ಮಾಸ್ತರದು ತಿರುಗುವ ತಟ್ಟೆಯ ಹಳೆಯ ಡಿಸ್ಕು ಆಗಿದ್ದುದು ಅವರ ಪುಣ್ಯ. ಈಚಿನ ಚಿಪ್ಪಿನ ಡಿಸ್ಕುಗಳಲ್ಲಿ ಹಲವು, ಅಳಿಸಿದ ಜಾಗವನ್ನು ತಾವಾಗಿಯೇ ಬರಿದು ಮಾಡಿಕೊಂಡುಬಿಡುತ್ತವೆ; ಅಲ್ಲಿ ಆಸೆ ಕಡಿಮೆ.

ಕೊಪ್ಪಳದಲ್ಲಿ ಆಕೆ ಮೊದಲು ಪೆನ್‌ಡ್ರೈವನ್ನು ವೈರಸ್ ತಗುಲದ ಬೇರೆ ಬಗೆಯ ವ್ಯವಸ್ಥೆಯಲ್ಲಿ ತೆರೆದು, ಹುಸಿ ಗುರುತುಗಳನ್ನು ತೆಗೆದುಹಾಕಿ, ಮರೆಯಲ್ಲಿದ್ದ ಫೋಲ್ಡರುಗಳನ್ನು ಹೊರಗೆ ತಂದಳು. ಅಂಗಡಿಗೆ ಒಯ್ದಿದ್ದ ಹಾಡುಗಳೆಲ್ಲ ಅಲ್ಲಿ ಒಂದಕ್ಷರವೂ ಊನವಿಲ್ಲದೆ ಇದ್ದವು! ಆಮೇಲೆ ಕಂಪ್ಯೂಟರಿನಿಂದ ಡಿಸ್ಕನ್ನು ಬಿಚ್ಚಿ, ಅದರ ಸಮಗ್ರ ಪ್ರತಿಯೊಂದನ್ನು ಇನ್ನೊಂದು ಡಿಸ್ಕಿಗೆ ಇಳಿಸಲು ಹಚ್ಚಿದಳು. ಹುಡುಕಾಟವೆಲ್ಲ ಪ್ರತಿಯಲ್ಲಿ ನಡೆಯಬೇಕು, ಮೂಲವನ್ನು ಮುಟ್ಟಬಾರದು ಎಂಬುದು ಅವಳ ಕಟ್ಟುನಿಟ್ಟು. ಕೆಲಸ ಗಂಟೆಗಟ್ಟಲೆ ಹಿಡಿಯುವಂತಿತ್ತು. ಕಾಯುತ್ತ ಕುಳಿತರೆ ಜೀವ ನಿಲ್ಲದೆಂದು ಮಾಸ್ತರು ಗವಿಮಠದ ಬೆಟ್ಟದ ಕಡೆಗೆ ಹೊರಟರು.

ಅಲ್ಲಿ ಅಶೋಕನ ಶಾಸನವಿದೆ. ಅದೂ ಪಾಲ್ಕಿಗುಂಡಿನ ಶಾಸನವೂ 1931ರಲ್ಲಿ ಬೆಳಕಿಗೆ ಬಂದವು. ಮಾಸ್ತರು ಎಷ್ಟೋ ವರ್ಷ ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ಪಾಠ ಹೇಳಿದ್ದರು. ಅಂದು ಆ ಪಾಠ ಅವರಿಗೇ ಹೊಸದಾಗಿ ಕಂಡಿತು. ಆ ಚಕ್ರವರ್ತಿಯು ಒಂದೇ ಸಂದೇಶವನ್ನು ಒಂದೇ ಕಡೆ ಕೊರೆಸಲಿಲ್ಲ. ಗವಿಮಠ, ಪಾಲ್ಕಿಗುಂಡು, ಮಸ್ಕಿ, ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ, ನಿಟ್ಟೂರು, ಉಡೇಗೋಳಗಳಲ್ಲಿ ಸಣ್ಣಪುಟ್ಟ ವ್ಯತ್ಯಾಸಗಳೊಡನೆ ಅದನ್ನೇ ಬರೆಸಿದನು. ಪಾಲ್ಕಿಗುಂಡಿನದು ಬಹಳಷ್ಟು ಸವೆದುಹೋಗಿದೆ. ಗವಿಮಠದ್ದು ಚೆನ್ನಾಗಿ ಉಳಿದಿದೆ. ಒಂದು ಬಂಡೆಯ ಮೇಲೆ ಅಳಿದ ಅಕ್ಷರವನ್ನು ವಿದ್ವಾಂಸರು ಇನ್ನೊಂದು ಬಂಡೆಯ ನೆರವಿನಿಂದ ಓದಿಕೊಳ್ಳುತ್ತಾರೆ. ‘ದೇವಾನಾಂಪ್ರಿಯ’ನೆಂದರೆ ಅಶೋಕನೇ ಎಂಬುದನ್ನು ದೃಢಪಡಿಸಿದ್ದು 1915ರಲ್ಲಿ ದೊರೆತ ಮಸ್ಕಿಯ ಬಂಡೆ. ಹೀಗೆ ಒಂದರಲ್ಲಿ ಇಲ್ಲದ್ದು ಇನ್ನೊಂದರಲ್ಲಿ ದೊರೆಯುತ್ತದೆ. ತಮ್ಮ ಹಾಡುಗಳನ್ನೋ ಮಾಸ್ತರು ಒಂದೇ ಬಂಡೆಯ ಮೇಲೆ ಬರೆದಿದ್ದರು.

ಸಂಜೆ ಹಿಂದಿರುಗಿದಾಗ ಸಾವಿರಾರು ಕಡತಗಳು ಹೊರಬಂದಿದ್ದವು. ಆದರೆ ಅವುಗಳಿಗೆ ಹೆಸರಿರಲಿಲ್ಲ. ಕಡತಗಳನ್ನು ಅವುಗಳ ಒಡಲ ಲಕ್ಷಣದಿಂದ ಗುರುತಿಸಿ ಎತ್ತುವ ತಂತ್ರಾಂಶಕ್ಕೆ, ಹರಿದುಹೋದ ಪಟ್ಟಿಯಲ್ಲಿದ್ದ ಹೆಸರುಗಳು ತಿಳಿಯುವ ಬಗೆ ಹೇಗೆ? ಎಲ್ಲಕ್ಕೂ ಬರಿಯ ಸಂಖ್ಯೆಗಳು. ಪೊನ್ನನ ‘ಭುವನೈಕರಾಮಾಭ್ಯುದಯ’, ರನ್ನನ ‘ಪರಶುರಾಮಚರಿತ’ ಇವು ಹೆಸರು ಉಳಿದು ಒಡಲು ಅಳಿದ ಕೃತಿಗಳು. ಇಲ್ಲಿ ಒಡಲು ಉಳಿದು ಹೆಸರು ಅಳಿದಿತ್ತು. ಯಾವುದು ಮೇಲೆಂದು ಕೇಳಬೇಕಾಗಿಲ್ಲ.

ಮಾಸ್ತರು ಆತುರದಿಂದ ಮೊದಲನೆಯ ಕಡತವನ್ನು ತೆರೆಸಿದರು. ಪರದೆಯ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು, ಕೊಂಬು ಟೋಪಿಗಳನ್ನು ಧರಿಸಿದ ಚಿಹ್ನೆಗಳು! ವೈರಸ್ಸು ಒಡಲನ್ನೂ ತಿಂದಿದೆಯೆಂದು ಅವರ ಮುಖ ಕಳೆಗುಂದಿತು. ಆಕೆಗೆ ನಗು ಬಂತು. “ಸರ್, ಇದಕ್ಕ ಏನೂ ಆಗಿಲ್ರಿ. ಈ ಕಂಪ್ಯೂಟರಿನಾಗ ನಿಮ್ಮ ಹಳೇ ನುಡಿ ಫಾಂಟ್ ಇಲ್ಲ, ಅದಕ್ಕ” ಎಂದಳು. ಕನ್ನಡಕ್ಕೆ ಯೂನಿಕೋಡ್ ಬಳಕೆಯಾಗುವ ಮೊದಲು ಇಂಗ್ಲಿಷಿನ ಸಂಕೇತಗಳ ಮೇಲೆಯೇ ಕನ್ನಡದ ತುಣುಕುಗಳನ್ನು ಕೂರಿಸುತ್ತಿದ್ದರು. ಆ ಅಚ್ಚು ಇಲ್ಲದ ಕಡೆ ಕನ್ನಡವು ಹೀಗೆಯೇ ವೇಷ ಕಳಚಿ ನಿಲ್ಲುತ್ತದೆ. ಫಾಂಟನ್ನು ಹಾಕಿದ ಮರುಕ್ಷಣ ಪರದೆಯ ಮೇಲೆ ಕುಮಾರರಾಮನು ಕುದುರೆಯೇರಿ ಬಂದನು. 1837ರಲ್ಲಿ ಜೇಮ್ಸ್ ಪ್ರಿನ್ಸೆಪನು ಬ್ರಾಹ್ಮೀಲಿಪಿಯನ್ನು ಓದುವ ತನಕ ಅಶೋಕನ ಶಾಸನಗಳೂ ಎಲ್ಲರ ಕಣ್ಣ ಮುಂದೆ ಇದ್ದೂ ಇಲ್ಲದಂತಿದ್ದವಲ್ಲವೆ?

ಸಂಖ್ಯೆಗಳ ರಾಶಿಯನ್ನು ಒಂದೊಂದಾಗಿ ತೆರೆದು, ಓದಿ, ಮರಳಿ ಹೆಸರಿಡಲು ಮಾಸ್ತರಿಗೆ ಒಂದು ಮಳೆಗಾಲವೇ ಹಿಡಿಯಿತು. ಮೊಮ್ಮಗಳ ಶಾಲೆಯ ಚಿತ್ರಗಳು, ಕರೆಂಟಿನ ಬಿಲ್ಲು, ಯಾರದೋ ಮದುವೆಯ ಕರೆಯೋಲೆ, ಇವುಗಳ ನಡುವೆ ಹಾಡುಗಳು ಬೆರೆತುಹೋಗಿದ್ದವು. ಬರೆಹದ ಬಹುಪಾಲು ದೊರೆಯಿತು. ಧ್ವನಿಯ ಕಡತಗಳು ದೊಡ್ಡವಾದುದರಿಂದ ಹೊಸ ವಿಂಡೋಸು ಅವುಗಳಲ್ಲಿ ಹಲವನ್ನು ಮೆಟ್ಟಿ ಕುಳಿತಿತ್ತು. ಒಬ್ಬ ಮುದುಕಿಯ ಹಾಡು ಮಾತ್ರ ಅರ್ಧಕ್ಕೆ ಬಂದು ನಿಂತಿತು. ರಣಕ್ಕೆ ಹೊರಟ ಮಗನಿಗೆ ತಾಯಿ ವೀಳ್ಯ ಕೊಡುವ ಘಟ್ಟ ಅದು. ಕೈ ಚಾಚಿದ್ದಾಳೆ, ಅಲ್ಲಿಗೆ ಧ್ವನಿ ಕಡಿದುಹೋಗಿ ಬರಿಯ ಗೊರಗೊರ ಸದ್ದು. ಆ ಹಾಡನ್ನು ಅವರು ಬರೆದುಕೊಂಡಿರಲಿಲ್ಲ. ಹಾಡಿದವಳು ಎರಡು ವರ್ಷಗಳ ಹಿಂದೆಯೇ ತೀರಿಹೋಗಿದ್ದಳು.

ಬೇರೆಯವರಾಗಿದ್ದರೆ ಅಲ್ಲಿಗೆ ಕೈಬಿಡುತ್ತಿದ್ದರು. ಮಾಸ್ತರು ಮುದುಕಿಯ ಮನೆಯನ್ನು ಹುಡುಕಿಕೊಂಡು ಹೋದರು. ಸೊಸೆ ಅಂಗಳದಲ್ಲಿ ಮೊರ ಹಿಡಿದು ಜೋಳ ಕೇರುತ್ತಿದ್ದಳು. “ನನಗೇನ್ ಬರತೈತ್ರಿ ಯಪ್ಪಾ, ಅತ್ತಿ ಹಾಡೂ ಮುಂದ ಹಿಂದಿಂದ ಸೊಲ್ಲ ಹಿಡೀತಿದ್ನಿ, ಅಷ್ಟ” ಎಂದು ನಾಚಿದಳು. ಮಾಸ್ತರು ಮೊಬೈಲಿನಲ್ಲಿ ಉಳಿದಷ್ಟನ್ನು ಕೇಳಿಸಿದರು. ಸತ್ತವಳ ಕೊರಳು ಅಂಗಳದಲ್ಲಿ ಮೂಡಿದಾಗ ಮೊರ ನಿಂತಿತು. ಧ್ವನಿ ಕಡಿದ ಕಡೆ ಸೊಸೆ ತನಗರಿವಿಲ್ಲದೆಯೇ ಮುಂದಿನ ಸೊಲ್ಲನ್ನು ಎತ್ತಿಕೊಂಡಳು.

ಮಾಸ್ತರು ಅಂದು ಎರಡು ಮೊಬೈಲುಗಳನ್ನು ತಂದಿದ್ದರು. ಎರಡರಲ್ಲಿಯೂ ಹಾಡನ್ನು ಹಿಡಿದರು. ಒಂದು ಪ್ರತಿ ಕೊಪ್ಪಳಕ್ಕೆ, ಒಂದು ಬೆಂಗಳೂರಿನ ಮಗನ ಮನೆಗೆ, ಒಂದು ಕಾಗದದ ಮೇಲೆ ಎಂದು ಅವರ ಲೆಕ್ಕ. ಹಾಡಿನ ನಡುವೆ ಒಮ್ಮೆ ಸೊಸೆ ತಡೆದು, “ಅತ್ತಿ ಹಿಂಗ ಹಾಡತಿದ್ದಿಲ್ರಿ, ತಡೀರಿ” ಎಂದು ಸೊಲ್ಲೊಂದನ್ನು ತಿದ್ದಿಕೊಂಡಳು. ಮಾಸ್ತರು ಆ ಮಾತನ್ನೂ ಅಳಿಸದೆ ಹಾಗೆಯೇ ಇರಗೊಟ್ಟಿದ್ದಾರೆ.